ದ್ವೇಷವಿಲ್ಲದ ಉದ್ದೇಶ: ಪಟ್ನಾ ಮೊಕದ್ದಮೆ ಮತ್ತು ಉದ್ದೇಶಪೂರ್ವಕ ಅಪಕೃತ್ಯದ ಮೂಲಾಂಶಗಳು

ಭಾರತದ ನ್ಯಾಯವ್ಯವಸ್ಥೆಯ ಚರಿತ್ರೆಯಲ್ಲಿ ‘ಪಟ್ನಾ ಮೊಕದ್ದಮೆ’ ಎಂದೇ ಹೆಸರಾಗಿರುವ ಪ್ರಕರಣವನ್ನು ಇತಿಹಾಸಕಾರರು ಬಹುಮಟ್ಟಿಗೆ ಅಧಿಕಾರದ ಜಗ್ಗಾಟದ ಕಥೆಯಾಗಿ ಓದಿದ್ದಾರೆ. ಒಂದು ಕಡೆ ವಾರನ್ ಹೇಸ್ಟಿಂಗ್ಸನ ಆಡಳಿತ ಮಂಡಲಿ, ಇನ್ನೊಂದು ಕಡೆ ಇಂಗ್ಲೆಂಡಿನಿಂದ ಬಂದಿಳಿದ ಸುಪ್ರೀಂ ಕೋರ್ಟಿನ ನ್ಯಾಯಾಧೀಶರು. ಈ ಎರಡರ ನಡುವೆ ಸಿಕ್ಕಿ ನಲುಗಿದವರು ಒಬ್ಬ ವಿಧವೆ, ಒಬ್ಬ ಖಾಜಿ ಮತ್ತು ಇಬ್ಬರು ಮುಫ್ತಿಗಳು. ಈ ಓದು ತಪ್ಪಲ್ಲ, ಆದರೆ ಅಪೂರ್ಣ. ೧೭೭೯ರಲ್ಲಿ ಕಲ್ಕತ್ತೆಯ ಆ ನ್ಯಾಯಾಲಯವು ಮೂರು ಲಕ್ಷ ರೂಪಾಯಿಗಳ ನಷ್ಟಪರಿಹಾರವನ್ನು ವಿಧಿಸಿದ್ದು ಲಂಚಕ್ಕಾಗಿ ಅಲ್ಲ, ದ್ರೋಹಕ್ಕಾಗಿಯೂ ಅಲ್ಲ. ಮೈಮೇಲೆ ಕೈಮಾಡಿದರು, ಕೂಡಿಹಾಕಿದರು, ಮನೆಯನ್ನು ಹೊಕ್ಕರು, ಸೊತ್ತನ್ನು ಒಯ್ದರು ಎಂಬ ಸಿವಿಲ್ ಸ್ವರೂಪದ ಆಪಾದನೆಗಳ ಮೇಲೆ. ಇಂದಿನ ಕಾನೂನಿನ ಪರಿಭಾಷೆಯಲ್ಲಿ ಇವೆಲ್ಲವೂ ‘ಉದ್ದೇಶಪೂರ್ವಕ ಅಪಕೃತ್ಯ’ಗಳು. ತಾನು ಮಾಡುತ್ತಿರುವುದನ್ನು ತಿಳಿದೇ ಮಾಡಿದ, ಆದರೆ ಕೇಡನ್ನು ಬಯಸದೆ, ತನಗೆ ಅಧಿಕಾರವಿದೆಯೆಂದು ನಂಬಿ ಮಾಡಿದ ಮನುಷ್ಯನು ಅದಕ್ಕೆ ಹೊಣೆಯಾಗುತ್ತಾನೆಯೇ ಎಂಬ ಪ್ರಶ್ನೆ ಆ ದಾವೆಯ ಒಡಲಲ್ಲಿತ್ತು. ಆ ಪ್ರಶ್ನೆಗೆ ದೊರೆತ ಉತ್ತರವನ್ನು ಅರಿಯಬೇಕಾದರೆ ಅಪಕೃತ್ಯದ ಮೂಲಾಂಶಗಳು ರೂಪುಗೊಂಡ ಬಗೆಯನ್ನು ಮೊದಲು ಗಮನಿಸಬೇಕಾಗುತ್ತದೆ.

‘ಅಪಕೃತ್ಯ’ವೆಂದು ಕನ್ನಡದಲ್ಲಿ ಕರೆಯಲಾಗುವ ಟಾರ್ಟ್ ಎಂಬ ಪದದ ಮೂಲಾರ್ಥ ‘ತಿರುಚಿದ್ದು’, ‘ಡೊಂಕಾದದ್ದು’ ಎಂದು. ಅಪರಾಧಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೃತ್ಯದ ಸ್ವರೂಪದಲ್ಲಿಲ್ಲ, ಪರಿಣಾಮದಲ್ಲಿದೆ. ಒಂದೇ ಪೆಟ್ಟು ಅಪರಾಧವೂ ಆಗಬಹುದು, ಅಪಕೃತ್ಯವೂ ಆಗಬಹುದು. ಅಪರಾಧವಾದಾಗ ಪ್ರಭುತ್ವವು ಶಿಕ್ಷಿಸುತ್ತದೆ. ಅಪಕೃತ್ಯವಾದಾಗ ನೊಂದವನೇ ವಾದಿಯಾಗಿ ಬಂದು ಪರಿಹಾರವನ್ನು ಬೇಡುತ್ತಾನೆ. ಹದಿಮೂರನೆಯ ಶತಮಾನದ ಇಂಗ್ಲೆಂಡಿನಲ್ಲಿ ಇವೆರಡೂ ಇನ್ನೂ ಬೇರೆಯಾಗಿರಲಿಲ್ಲ. ‘ಬಲದಿಂದಲೂ ಆಯುಧಗಳಿಂದಲೂ, ದೊರೆಯ ಶಾಂತಿಗೆ ವಿರೋಧವಾಗಿ’ ಎಂಬ ಒಕ್ಕಣೆಯ ಟ್ರೆಸ್‌ಪಾಸ್ ರಿಟ್ಟಿನಲ್ಲಿ ಸೋತವನು ವಾದಿಗೆ ಪರಿಹಾರವನ್ನೂ ದೊರೆಗೆ ದಂಡವನ್ನೂ ತೆರಬೇಕಾಗಿತ್ತು. ಹಲ್ಲೆ, ಪ್ರಹಾರ, ಅಕ್ರಮ ಬಂಧನ, ಅತಿಕ್ರಮ ಪ್ರವೇಶ, ಸೊತ್ತಿನ ಅಪಹರಣ ಎಂಬ ಶಾಖೆಗಳೆಲ್ಲ ಹೊರಟದ್ದು ಆ ಒಂದೇ ಕಾಂಡದಿಂದ.

ಈ ಶಾಖೆಗಳಲ್ಲಿ ಹಲ್ಲೆಯೇ ಅತ್ಯಂತ ಕುತೂಹಲಕರವಾದುದು. ಕನ್ನಡದ ವೃತ್ತಪತ್ರಿಕೆಗಳಲ್ಲಿ ‘ಹಲ್ಲೆ’ ಎಂದರೆ ಹೊಡೆತ, ಕಾನೂನಿನಲ್ಲಿ ಹಾಗಲ್ಲ. ಕನ್ನಡದ ಆಡುನುಡಿಯಲ್ಲಿ ‘ಕೈಯೆತ್ತುವುದು’ ಮತ್ತು ‘ಕೈಮಾಡುವುದು’ ಎಂಬ ಎರಡು ಬೇರೆ ಮಾತುಗಳಿವೆ. ಕಾನೂನಿನ ಹಲ್ಲೆ ಮೊದಲನೆಯದು, ಪ್ರಹಾರ ಎರಡನೆಯದು. ನಿಘಂಟುಕಾರರಿಗಿಂತ ಜನರ ನುಡಿಯೇ ಇಲ್ಲಿ ಹೆಚ್ಚು ಖಚಿತವಾಗಿದೆ. ೧೩೪೮ರ ಒಂದು ಪ್ರಕರಣದಲ್ಲಿ, ರಾತ್ರಿ ಹೊತ್ತು ದ್ರಾಕ್ಷಾರಸ ಕೊಳ್ಳಲು ಬಂದವನೊಬ್ಬನು ಮುಚ್ಚಿದ್ದ ಪಾನಗೃಹದ ಬಾಗಿಲನ್ನು ಕೊಡಲಿಯಿಂದ ಬಡಿಯತೊಡಗಿದ. ಮನೆಯೊಡತಿ ಕಿಟಕಿಯಿಂದ ತಲೆ ಹೊರಚಾಚಿ ನಿಲ್ಲಿಸೆಂದಾಗ ಅವಳತ್ತಲೂ ಕೊಡಲಿಯನ್ನು ಬೀಸಿದ, ಪೆಟ್ಟು ತಾಗಲಿಲ್ಲ. ತಾಗದ ಪೆಟ್ಟಿಗೆ ಹಾನಿಯೆಲ್ಲಿ ಎಂಬ ವಾದವನ್ನು ನ್ಯಾಯಾಧೀಶ ಥಾರ್ಪ್ ಒಪ್ಪಲಿಲ್ಲ. ಕೈಯೆತ್ತಿದ್ದೇ ಹಾನಿಯೆಂದು ಹೇಳಿ ಅರ್ಧ ಮಾರ್ಕ್ ಪರಿಹಾರ ಕೊಡಿಸಿದ. ಮೊತ್ತ ಅಲ್ಪ, ತತ್ತ್ವ ದೊಡ್ಡದು. ಗಾಯವಾಗಲಿ ನಷ್ಟವಾಗಲಿ ಆಗಿರಬೇಕಾಗಿಲ್ಲ. ದೇಹದ ಮೇಲಿನ ಸ್ವಾಮ್ಯಕ್ಕೆ ಧಕ್ಕೆ ಬಂದರೆ ಅಪಕೃತ್ಯ ಪೂರ್ಣವಾಗುತ್ತದೆ ಎಂಬುದು ಇದರ ಫಲಿತಾರ್ಥ.

ಆದರೆ ಎತ್ತಿದ ಕೈಯೆಲ್ಲವೂ ಹಲ್ಲೆಯಲ್ಲ. ತತ್‌ಕ್ಷಣದಲ್ಲಿ ಪೆಟ್ಟು ಬೀಳುವುದೆಂಬ ಯುಕ್ತವಾದ ಭಯ ಎದುರಿನವನಲ್ಲಿ ಹುಟ್ಟಬೇಕು. ೧೬೬೯ರ ಟ್ಯೂಬರ್‌ವಿಲ್ ಮತ್ತು ಸ್ಯಾವೇಜ್ ಪ್ರಕರಣದಲ್ಲಿ ಒಬ್ಬನು ಕತ್ತಿಯ ಹಿಡಿಗೆ ಕೈಯಿಟ್ಟು, ಊರಿನಲ್ಲಿ ನ್ಯಾಯಾಧೀಶರ ಬಿಡಾರ ಇಲ್ಲದಿದ್ದರೆ ಇಂಥ ಮಾತನ್ನು ಸಹಿಸುತ್ತಿರಲಿಲ್ಲವೆಂದು ಗುಡುಗಿದ್ದ. ನ್ಯಾಯಾಧೀಶರು ಊರಿನಲ್ಲಿ ಇದ್ದರು. ಆದುದರಿಂದ ಹೊಡೆಯುವುದಿಲ್ಲವೆಂದೇ ಆ ಮಾತಿನ ಅರ್ಥವೆಂದು ಕೋರ್ಟು ನಿರ್ಣಯಿಸಿತು. ಭಂಗಿಯನ್ನು ಮಾತು ರದ್ದುಮಾಡಿತು. ಪ್ರಹಾರಕ್ಕೆ ಬಂದರೆ, ಕೋಪದಿಂದ ಮಾಡಿದ ಅತ್ಯಲ್ಪ ಸ್ಪರ್ಶವೂ ಸಾಕೆಂದು ಮುಖ್ಯ ನ್ಯಾಯಾಧೀಶ ಹೋಲ್ಟ್ ೧೭೦೪ರಲ್ಲಿ ಹೇಳಿದ. ಜಾತ್ರೆಯ ನೂಕುನುಗ್ಗಲಿನಲ್ಲಿ ಭುಜಕ್ಕೆ ಭುಜ ತಾಗುವುದು ಬದುಕಿನ ಸಹಜ ವ್ಯಾಪಾರವೇ ಹೊರತು ಪ್ರಹಾರವಲ್ಲ ಎಂಬ ತಿಳಿವಳಿಕೆಯನ್ನು ೧೯೮೪ರ ಕಾಲಿನ್ಸ್ ಮತ್ತು ವಿಲ್‌ಕಾಕ್ ತೀರ್ಪು ಸ್ಪಷ್ಟಪಡಿಸಿತು. ಅಕ್ರಮ ಬಂಧನಕ್ಕೆ ಸರಪಳಿಯಾಗಲಿ ಸೆರೆಮನೆಯಾಗಲಿ ಬೇಕಿಲ್ಲ, ಎಲ್ಲ ದಿಕ್ಕಿನಲ್ಲೂ ಚಲನೆಗೆ ತಡೆಯಿದ್ದರೆ ಸಾಕು. ಒಂದೇ ದಾರಿಗೆ ಅಡ್ಡ ನಿಂತು ಬೇರೆ ದಾರಿಯಲ್ಲಿ ಹೋಗಲು ಬಿಟ್ಟರೆ ಅದು ಬಂಧನವಲ್ಲವೆಂದು ೧೮೪೫ರ ಬರ್ಡ್ ಮತ್ತು ಜೋನ್ಸ್ ಪ್ರಕರಣದಲ್ಲಿ ತೀರ್ಮಾನವಾಯಿತು.

ಈ ವಿವೇಚನೆ ಇಂಗ್ಲೆಂಡಿನ ಸ್ವತ್ತು ಮಾತ್ರವೆಂದು ಭಾವಿಸಬೇಕಾಗಿಲ್ಲ. ಕಲ್ಯಾಣ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ವ್ಯಾಖ್ಯಾನವು ದಾಯಭಾಗದ ಪ್ರಕರಣದಿಂದ ಲೋಕಪ್ರಸಿದ್ಧವಾಗಿದೆ. ಅದೇ ಗ್ರಂಥದ ದಂಡಪಾರುಷ್ಯ ಪ್ರಕರಣಕ್ಕೆ ಅಷ್ಟು ಓದುಗರು ದೊರೆತಿಲ್ಲ. ನಾರದನನ್ನು ಅನುಸರಿಸಿ ದಂಡಪಾರುಷ್ಯವನ್ನು ಅಲ್ಲಿ ಮೂರು ಮೆಟ್ಟಿಲುಗಳಾಗಿ ನೋಡಲಾಗಿದೆ: ಹೊಡೆಯಲು ಎತ್ತುವುದು, ಹೊಡೆಯುವುದು, ಗಾಯಗೊಳಿಸುವುದು. ಬರಿದೇ ಕೈಯೆತ್ತಿದವನಿಗೆ ಹತ್ತು ಪಣ, ಕಾಲೆತ್ತಿದವನಿಗೆ ಇಪ್ಪತ್ತು ಪಣ ದಂಡ. ಬೂದಿ, ಕೆಸರು, ಧೂಳನ್ನು ಮೈಗೆ ಸೋಕಿಸಿದರೂ ಹತ್ತು ಪಣ. ಉಗುಳು ಮೊದಲಾದವುಗಳಿಗೆ ಅದರ ಇಮ್ಮಡಿ. ಗಾಯವೇ ಇಲ್ಲದ ಅವಮಾನದ ಸ್ಪರ್ಶವನ್ನು ತಪ್ಪೆಂದು ಗುರುತಿಸುವ ಈ ದೃಷ್ಟಿ ಹೋಲ್ಟ್‌ನ ಮಾತಿಗೆ ಬಲು ಹತ್ತಿರದ್ದು. ಮೋಹ, ಮದ ಮುಂತಾದವುಗಳಿಂದ ಮಾಡಿದ್ದಾದರೆ ದಂಡವಿಲ್ಲ ಎಂಬ ಮಾತೂ ಅಲ್ಲಿದೆ. ಅಂದರೆ ಕೃತ್ಯದ ಹಿಂದೆ ಮನಸ್ಸು ಇರಬೇಕೆಂಬ ಅಂಶವನ್ನು ಸ್ಮೃತಿಕಾರ ಅರಿತಿದ್ದ. ಆದರೆ ಹೋಲಿಕೆಯನ್ನು ಹಿಗ್ಗಿಸಬಾರದು. ದಂಡದ ಹಣ ಸೇರುತ್ತಿದ್ದುದು ದೊರೆಗೆ. ನೊಂದವನಿಗೆ ಸಲ್ಲುತ್ತಿದ್ದುದು ಗಾಯ ಮಾಯುವವರೆಗಿನ ಚಿಕಿತ್ಸೆಯ ವೆಚ್ಚ. ಮೇಲಾಗಿ ಆ ದಂಡ ವರ್ಣಕ್ಕೆ ತಕ್ಕಂತೆ ಏರುತ್ತಿತ್ತು, ಇಳಿಯುತ್ತಿತ್ತು. ಮೇಲಿನವನ ಮೈಗೆ ಇಮ್ಮಡಿ ಬೆಲೆ, ಕೆಳಗಿನವನ ಮೈಗೆ ಅರ್ಧ ಬೆಲೆ ಎಂಬ ಲೆಕ್ಕವನ್ನು ಪ್ರಾಚೀನತೆಯ ಅಭಿಮಾನದಲ್ಲಿ ಮರೆಮಾಚುವುದು ಚರಿತ್ರಕಾರನಿಗೆ ತರವಲ್ಲ.

ಇನ್ನು ಎಲ್ಲಕ್ಕಿಂತ ಜಟಿಲವಾದ ಅಂಶ ಉದ್ದೇಶ. ದಿನಬಳಕೆಯಲ್ಲಿ ‘ಬೇಕೆಂದೇ ಮಾಡಿದ’ ಎಂದರೆ ಕೆಟ್ಟ ಮನಸ್ಸಿನಿಂದ ಮಾಡಿದನೆಂದು ಅರ್ಥವಾಗುತ್ತದೆ. ಅಪಕೃತ್ಯ ಕಾನೂನು ಈ ಎರಡನ್ನು ಬಿಡಿಸಿ ಇಡುತ್ತದೆ. ಅದಕ್ಕೆ ಬೇಕಾದದ್ದು ಕೃತ್ಯದ ಮತ್ತು ಅದರ ನೇರ ಪರಿಣಾಮದ ಬಗೆಗಿನ ಉದ್ದೇಶ ಮಾತ್ರ: ಮುಟ್ಟಬೇಕೆಂದು ಮುಟ್ಟಿದನೇ, ತಡೆಯಬೇಕೆಂದು ತಡೆದನೇ, ಹೊಗಬೇಕೆಂದು ಹೊಕ್ಕನೇ ಎಂಬಷ್ಟೇ. ಏಕೆ ಮಾಡಿದ, ದ್ವೇಷವಿತ್ತೇ, ಹಿತವನ್ನೇ ಬಯಸಿದ್ದನೇ ಎಂಬ ವಿಚಾರಗಳು ಪರಿಹಾರದ ಮೊತ್ತವನ್ನು ಏರಿಳಿಸಬಹುದು, ಹೊಣೆಯನ್ನು ಅಳಿಸಲಾರವು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಶಾಲಾಕೋಣೆಯೊಂದರಲ್ಲಿ ಬಾಲಕನೊಬ್ಬ ಇನ್ನೊಬ್ಬನ ಕಾಲಿಗೆ ಮೆಲ್ಲನೆ ಒದ್ದ. ಮೊದಲೇ ಹುಣ್ಣಾಗಿದ್ದ ಆ ಕಾಲು ಊನವಾಯಿತು. ನೋಯಿಸುವ ಇಚ್ಛೆ ಇರಲಿಲ್ಲವೆಂಬುದನ್ನು ಒಪ್ಪಿಯೂ, ಪಾಠದ ಹೊತ್ತಿನಲ್ಲಿ ಒದೆಯುವ ಹಕ್ಕೇ ಇಲ್ಲದಿರುವಾಗ ಒದೆಯುವ ಉದ್ದೇಶವೇ ಅಕ್ರಮವೆಂದು ೧೮೯೧ರಲ್ಲಿ ತೀರ್ಪಾಯಿತು. ೧೯೫೫ರಲ್ಲಿ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೂರಲು ಹೊರಟಿದ್ದ ಮಹಿಳೆಯ ಕೆಳಗಿನಿಂದ ಆರು ವರ್ಷವೂ ತುಂಬದ ಹುಡುಗ ಕುರ್ಚಿಯನ್ನು ಸರಿಸಿದ್ದ. ಬೀಳಿಸುವ ಬಯಕೆ ಇಲ್ಲದಿದ್ದರೂ ಆಕೆ ಬೀಳುವುದು ಬಹುತೇಕ ಖಚಿತವೆಂಬ ಅರಿವಿದ್ದರೆ ಆ ಅರಿವೇ ಉದ್ದೇಶವೆಂದು ಅದು ಹೇಳಿತು.

ಉದ್ದೇಶವಿಲ್ಲದೆ ಆದ ಕೆಡುಕಿನ ಮಾತು ಬೇರೆ. ೧೬೧೬ರ ವೀವರ್ ಮತ್ತು ವಾರ್ಡ್ ಪ್ರಕರಣದಲ್ಲಿ, ಕವಾಯತಿನ ವೇಳೆ ಒಬ್ಬ ಸೈನಿಕನ ಬಂದೂಕು ಹಾರಿ ಇನ್ನೊಬ್ಬನಿಗೆ ಗಾಯವಾಗಿತ್ತು. ಕಿಂಚಿತ್ತೂ ತನ್ನ ತಪ್ಪಿಲ್ಲದೆ ನಡೆದದ್ದೆಂದು ತೋರಿಸಬಲ್ಲವನಿಗೆ ಬಿಡುಗಡೆಯುಂಟು, ಆದರೆ ತೋರಿಸುವ ಹೊರೆ ಅವನದೇ ಎಂದು ಕೋರ್ಟು ಹೇಳಿತು. ಟ್ರೆಸ್‌ಪಾಸನ್ನು ಉದ್ದೇಶಪೂರ್ವಕ ಕೃತ್ಯಗಳಿಗೆ ಸೀಮಿತಗೊಳಿಸಿ, ಉಳಿದುದನ್ನು ನಿರ್ಲಕ್ಷ್ಯದ ವಿಭಾಗಕ್ಕೆ ಒಪ್ಪಿಸುವ ಕೆಲಸ ಇಂಗ್ಲೆಂಡಿನಲ್ಲಿ ಮುಗಿದದ್ದು ೧೯೫೯ ಮತ್ತು ೧೯೬೪ರ ತೀರ್ಪುಗಳ ಮೂಲಕ.

ಕೊನೆಯ ಅಂಶ ಅಕ್ರಮತೆ. ಸಮ್ಮತಿ, ಆತ್ಮರಕ್ಷಣೆ, ಕಾನೂನಿನ ಅಧಿಕಾರ, ಇವುಗಳಲ್ಲಿ ಒಂದಿದ್ದರೂ ಕೃತ್ಯ ಅಪಕೃತ್ಯವಾಗುವುದಿಲ್ಲ. ಶಸ್ತ್ರವೈದ್ಯನ ಕತ್ತಿ, ಕುಸ್ತಿಯ ಪಟ್ಟು, ವಾರಂಟು ಹಿಡಿದ ಅಧಿಕಾರಿಯ ಕೈ ಇವೆಲ್ಲ ಹೀಗೆ ಪಾರಾಗುತ್ತವೆ. ಆದರೆ ಅಧಿಕಾರವಿದೆಯೆಂದು ನಂಬಿದರೆ ಸಾಲದು, ಅದು ನಿಜಕ್ಕೂ ಇರಬೇಕು. ೧೬೧೨ರ ಮಾರ್ಷಲ್‌ಸೀ ಪ್ರಕರಣದಲ್ಲಿ ಈ ನಿಯಮ ಕಠೋರ ರೂಪ ತಾಳಿತು. ನ್ಯಾಯಾಲಯಕ್ಕೆ ವಿಷಯದ ಮೇಲೆ ಅಧಿಕಾರವ್ಯಾಪ್ತಿಯೇ ಇಲ್ಲದಿದ್ದರೆ ಅದರ ಆಜ್ಞೆಯನ್ನು ಪಾಲಿಸಿದ ಸೇವಕನೂ ಹೊಣೆಗಾರನೆಂದು ಅಲ್ಲಿ ಸಾರಲಾಯಿತು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಇದೇ ನಿಯಮ ಇಂಗ್ಲಿಷ್ ಪ್ರಜೆಯ ಸ್ವಾತಂತ್ರ್ಯದ ಗುರಾಣಿಯಾಯಿತು. ಹೆಸರಿಲ್ಲದ ವಾರಂಟಿನ ಮೇಲೆ ಮುದ್ರಣಾಲಯದ ಕೂಲಿಕಾರನೊಬ್ಬನನ್ನು ರಾಜದೂತರು ಸುಮಾರು ಆರು ಗಂಟೆ ಹಿಡಿದಿಟ್ಟರು. ಮಾಂಸವನ್ನೂ ಬಿಯರನ್ನೂ ಕೊಟ್ಟು ಚೆನ್ನಾಗಿಯೇ ನೋಡಿಕೊಂಡರು. ಅವನ ವಾರದ ಕೂಲಿ ಒಂದು ಗಿನಿ. ೧೭೬೩ರಲ್ಲಿ ಜ್ಯೂರಿ ಕೊಡಿಸಿದ ಪರಿಹಾರ ೩೦೦ ಪೌಂಡು! ಎರಡು ವರ್ಷಗಳ ನಂತರ ಎಂಟಿಕ್ ಎಂಬುವನ ಮನೆ ಹೊಕ್ಕು ಕಾಗದಗಳನ್ನು ಒಯ್ದ ದೂತರೂ ೩೦೦ ಪೌಂಡು ತೆತ್ತರು. ೧೭೭೪ರಲ್ಲಿ, ಮಿನಾರ್ಕ ದ್ವೀಪದ ಗವರ್ನರನು ಅಲ್ಲಿಯ ನಿವಾಸಿಯೊಬ್ಬನನ್ನು ಸೆರೆಯಲ್ಲಿಟ್ಟು ಗಡೀಪಾರು ಮಾಡಿದ್ದಕ್ಕೆ ೩,೦೦೦ ಪೌಂಡುಗಳ ತೀರ್ಪನ್ನು ಲಾರ್ಡ್ ಮ್ಯಾನ್ಸ್‌ಫೀಲ್ಡ್ ಎತ್ತಿಹಿಡಿದ. ಅಧಿಕಾರಸ್ಥರನ್ನು ಸಾಮಾನ್ಯ ಪ್ರತಿವಾದಿಗಳಂತೆ ಕಟಕಟೆಗೆ ತರುವ ಈ ಪರಂಪರೆಯನ್ನು ಬೆನ್ನಿಗೆ ಕಟ್ಟಿಕೊಂಡು, ಅದೇ ವರ್ಷದ ಅಕ್ಟೋಬರಿನಲ್ಲಿ, ಎಲೈಜಾ ಇಂಪೆ ಮತ್ತು ಅವನ ಸಹ ನ್ಯಾಯಾಧೀಶರು ಕಲ್ಕತ್ತೆಯಲ್ಲಿ ಇಳಿದರು.

ಪಟ್ನಾದ ಕಥೆ ಆರಂಭವಾಗುವುದು ೧೭೭೬ರ ಡಿಸೆಂಬರಿನಲ್ಲಿ. ಕಾಬೂಲಿನ ಕಡೆಯಿಂದ ಬಂದು, ಕಂಪನಿಯ ಅಶ್ವಸೇನೆಯಲ್ಲಿ ದುಡಿದು, ಸಾಕಷ್ಟು ಆಸ್ತಿ ಗಳಿಸಿದ್ದ ಶಹಬಾಜ್ ಬೇಗ್ ಖಾನ್ ಮಕ್ಕಳಿಲ್ಲದೆ ತೀರಿಕೊಂಡ. ಅವನ ಪತ್ನಿ ನಾದಿರಾ ಬೇಗಂ, ಗಂಡನು ಬರೆದುಕೊಟ್ಟ ದಾನಪತ್ರಾದಿಗಳ ಬಲದಿಂದ ಸಮಸ್ತ ಆಸ್ತಿಯೂ ತನ್ನದೆಂದಳು. ತಮ್ಮನ ಮಗ ಬಹಾದುರ್ ಬೇಗ್ ತಾನು ಸತ್ತವನ ದತ್ತುಪುತ್ರನಂತಿದ್ದವನೆಂದು ಹೇಳಿಕೊಂಡು ೧೭೭೭ರ ಜನವರಿಯಲ್ಲಿ ಪಟ್ನಾದ ಪ್ರಾಂತೀಯ ಮಂಡಲಿಗೆ ಅರ್ಜಿ ಕೊಟ್ಟ. ಕಂಪನಿಯ ನೌಕರರೇ ತುಂಬಿದ್ದ ಆ ಮಂಡಲಿ ಕಂದಾಯವನ್ನೂ ನೋಡುತ್ತಿತ್ತು, ದಿವಾನಿ ನ್ಯಾಯವನ್ನೂ ನೀಡಬೇಕಾಗಿತ್ತು. ಮುಸಲ್ಮಾನರ ದಾಯದ ವಿಷಯದಲ್ಲಿ ಷರೀಯತ್ತನ್ನೇ ಅನುಸರಿಸಬೇಕೆಂಬುದು ೧೭೭೨ರ ಹೇಸ್ಟಿಂಗ್ಸ್ ಯೋಜನೆಯ ನಿಯಮ. ಮಂಡಲಿಯ ಸದಸ್ಯರು ಖಾಜಿಗೂ ಇಬ್ಬರು ಮುಫ್ತಿಗಳಿಗೂ ಆಸ್ತಿಯ ಪಟ್ಟಿಮಾಡಿ, ಮುದ್ರೆಯೊತ್ತಿ, ಹಕ್ಕುದಾರರನ್ನು ನಿರ್ಣಯಿಸಿ ವರದಿ ಮಾಡಬೇಕೆಂದು ಆದೇಶಿಸಿ ತಮ್ಮ ಪಾಡಿಗೆ ತಾವಿದ್ದರು. ಧರ್ಮಶಾಸ್ತ್ರದ ಅರ್ಥ ಹೇಳಬೇಕಾದವರ ತಲೆಯ ಮೇಲೆ ಸಾಕ್ಷ್ಯ ವಿಚಾರಣೆಯ ಹೊಣೆಯೂ ಬಿದ್ದದ್ದು ಹೀಗೆ.

ಆ ಮೂವರೂ ಪ್ರಮಾಣವಚನವಿಲ್ಲದೆಯೇ ಸಾಕ್ಷಿಗಳ ಮಾತು ಕೇಳಿ, ವಿಧವೆಯ ದಾಖಲೆಗಳು ಕೃತಕವೆಂದು ತೀರ್ಮಾನಿಸಿದರು. ನಾಲ್ಕರಲ್ಲಿ ಒಂದು ಪಾಲು ಆಕೆಗೆ, ಮೂರು ಪಾಲು ತಂದೆಯ ಪರವಾಗಿ ಬಹಾದುರ್ ಬೇಗನಿಗೆ ಎಂದು ವರದಿ ಬರೆದರು. ಮನೆಯನ್ನು ಹೊಕ್ಕು ಸೊತ್ತಿಗೆ ಮುದ್ರೆ ಹಾಕಿದ್ದು, ಪಾಲುಗಳನ್ನು ಬೇರೆಮಾಡಿದ್ದು ಎಲ್ಲವೂ ನಡೆಯಿತು. ಪಾಲನ್ನು ಒಪ್ಪದ ಬೇಗಂ ಮನೆಯನ್ನು ತೊರೆದು ದರ್ಗಾವೊಂದನ್ನು ಆಶ್ರಯಿಸಿದಳು. ದಾಖಲೆಗಳನ್ನು ಒಪ್ಪಿಸಲೆಂದು ಅಲ್ಲಿಯೂ ಆಕೆಯ ಮೇಲೆ ಕಾವಲು ಬಿತ್ತು. ಪರದೆಯೊಳಗಿನ ಗೃಹಿಣಿ ಗಂಡನನ್ನು ಕಳೆದುಕೊಂಡ ಕೆಲವೇ ವಾರಗಳಲ್ಲಿ ಮನೆಯನ್ನೂ ಕಳೆದುಕೊಂಡು ಗೋರಿಗಳ ನಡುವೆ ಸಿಪಾಯಿಗಳ ಪಹರೆಯಲ್ಲಿ ಇರಬೇಕಾಯಿತು. ಕಂಪನಿಯ ಪರವಾಗಿ ಬರೆದವರು ಇದನ್ನು ಒಂದು ವಾಕ್ಯದಲ್ಲಿ ದಾಟಿಬಿಡುತ್ತಾರೆ. ಆಕೆಗೆ ಆದದ್ದು ನಿಜವಾದ ಅನ್ಯಾಯವೆಂಬುದನ್ನು ಒಪ್ಪದೆ ಮುಂದಿನ ಕಥೆಯನ್ನು ತೂಗಲಾಗದು.

ಬೇಗಂ ಕಲ್ಕತ್ತೆಯ ಸುಪ್ರೀಂ ಕೋರ್ಟಿಗೆ ಹೋದಳು. ಹಲ್ಲೆ, ಪ್ರಹಾರ, ಅಕ್ರಮ ಬಂಧನ, ಗೃಹಾತಿಕ್ರಮಣ ಹಾಗೂ ಸೊತ್ತಿನ ಅಪಹರಣಕ್ಕಾಗಿ ಟ್ರೆಸ್‌ಪಾಸ್ ದಾವೆ ಹೂಡಿ ಆರು ಲಕ್ಷ ರೂಪಾಯಿ ಬೇಡಿದಳು. ದಾಯದ ವಿವಾದವೊಂದು ಮೈಮನೆಗಳ ಮೇಲಿನ ಆಕ್ರಮಣದ ಮೊಕದ್ದಮೆಯಾಗಿ ಮಾರುವೇಷ ತಳೆದದ್ದು ಆಕಸ್ಮಿಕವಲ್ಲ. ಆ ರೂಪದಲ್ಲಿ ಮಾತ್ರ ಕಂಪನಿಯ ಸೇವೆಯಲ್ಲಿದ್ದವರನ್ನು ಆ ಕೋರ್ಟಿನ ಮುಂದೆ ನಿಲ್ಲಿಸಲು ಸಾಧ್ಯವಿತ್ತು. ಕಂದಾಯದ ಗುತ್ತಿಗೆ ಹಿಡಿದಿದ್ದ ಬಹಾದುರ್ ಬೇಗ್ ತಾನು ಕೋರ್ಟಿನ ವ್ಯಾಪ್ತಿಗೆ ಸೇರಿದವನಲ್ಲವೆಂದ. ಗುತ್ತಿಗೆದಾರನೂ ಕಂಪನಿಯ ಸೇವಕನೇ ಎಂದು ಕೋರ್ಟು ಹೇಳಿತು. ಖಾಜಿ ಮತ್ತು ಮುಫ್ತಿಗಳ ಸಮರ್ಥನೆ ಸರಳವಾಗಿತ್ತು: ಮಂಡಲಿ ಆದೇಶಿಸಿತು, ತಾವು ನಡೆಸಿದೆವು. ಇದಕ್ಕೆ ಸಿಕ್ಕ ಉತ್ತರ ಒಂದು ಲ್ಯಾಟಿನ್ ಸೂತ್ರ. ನಿಯೋಜಿತನು ಮತ್ತೊಬ್ಬನನ್ನು ನಿಯೋಜಿಸಲಾರ, ಅಂದರೆ ಮಂಡಲಿಗೆ ವಹಿಸಿದ ನ್ಯಾಯಾಧಿಕಾರವನ್ನು ಮಂಡಲಿ ಬೇರೆಯವರಿಗೆ ದಾಟಿಸುವಂತಿಲ್ಲ. ದಾಟಿಸಿದ್ದೇ ಅಸಿಂಧುವಾದ ಮೇಲೆ ಅದರ ಆಸರೆಯಲ್ಲಿ ಮಾಡಿದ ಪ್ರತಿಯೊಂದು ಕೆಲಸವೂ ಬರಿಯ ಖಾಸಗಿ ವ್ಯಕ್ತಿಯ ಕೆಲಸ. ಮನೆ ಹೊಕ್ಕದ್ದು ಉದ್ದೇಶಪೂರ್ವಕ, ಮುದ್ರೆ ಹಾಕಿದ್ದು ಉದ್ದೇಶಪೂರ್ವಕ, ತಡೆದದ್ದು ಉದ್ದೇಶಪೂರ್ವಕ, ಅಧಿಕಾರವಿಲ್ಲ. ಮೂಲಾಂಶಗಳೆಲ್ಲವೂ ಒಂದರ ಪಕ್ಕ ಒಂದು ಬಂದು ನಿಂತವು.

ಈ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ. ಆದರೆ ಆ ತರ್ಕಕ್ಕೆ ಕಾಣದಿದ್ದ ಸಂಗತಿಯೊಂದಿತ್ತು. ಮೊಘಲರ ಕಾಲದಿಂದ ಖಾಜಿಯೆಂದರೆ ಶಾಸ್ತ್ರಾರ್ಥ ಹೇಳುವ ಸಲಹೆಗಾರನಲ್ಲ, ಸ್ವತಃ ನ್ಯಾಯಾಧೀಶ. ಆಸ್ತಿಯ ತಗಾದೆಯಲ್ಲಿ ಸಾಕ್ಷ್ಯ ಕೇಳಿ ತೀರ್ಮಾನಿಸುವುದು ಅವನ ದೃಷ್ಟಿಯಲ್ಲಿ ಹೊಸದಾಗಿ ದೊರೆತ ನಿಯೋಗವಲ್ಲ, ಪದವಿಯ ಸಹಜ ಧರ್ಮ. ಅಂಥವನನ್ನು ಪಶ್ಚಿಮದ ಒಂದು ಸೂತ್ರ ರಾತ್ರೋರಾತ್ರಿ ಅತಿಕ್ರಮಿಯನ್ನಾಗಿ ಮಾಡಿತು. ಲಂಡನ್ನಿನಲ್ಲಿ ರಾಜದೂತರನ್ನು ದಂಡಿಸಿದ ನಿಯಮ ಅಲ್ಲಿ ದುರ್ಬಲನನ್ನು ಬಲಿಷ್ಠನಿಂದ ಕಾಯ್ದಿತ್ತು. ಪಟ್ನಾದಲ್ಲಿಯೂ ವಿಧವೆಯೊಬ್ಬಳನ್ನು ಕಾಯ್ದದ್ದು ನಿಜ, ಆದರೆ ಬೆಲೆ ತೆತ್ತವರು ಆದೇಶ ಕೊಟ್ಟ ಬಿಳಿಯ ಸದಸ್ಯರಲ್ಲ, ಪಾಲಿಸಿದ ಸ್ಥಳೀಯ ವಿದ್ವಾಂಸರು. ಸಿವಿಲ್ ಮೊಕದ್ದಮೆಗಳಲ್ಲಿ ಆ ಕೋರ್ಟಿಗೆ ಜ್ಯೂರಿ ಇರಲಿಲ್ಲ. ವಾಸ್ತವಾಂಶವನ್ನೂ ಪರಿಹಾರದ ಮೊತ್ತವನ್ನೂ ನ್ಯಾಯಾಧೀಶರೇ ನಿರ್ಣಯಿಸಿದರು. ೧೭೭೯ರ ಫೆಬ್ರವರಿಯಲ್ಲಿ ಮೂರು ಲಕ್ಷ ರೂಪಾಯಿ ಮತ್ತು ಖರ್ಚಿನ ತೀರ್ಪು ಬಂದಿತು. ಅಷ್ಟು ಹಣ ಕೊಡುವ ಶಕ್ತಿ ಪ್ರತಿವಾದಿಗಳಿಗಿರಲಿಲ್ಲ. ಅವರನ್ನು ಪಟ್ನಾದಿಂದ ಕಲ್ಕತ್ತೆಗೆ ಕಾವಲಿನಲ್ಲಿ ಸಾಗಿಸಲಾಯಿತು. ವೃದ್ಧನಾಗಿದ್ದ ಖಾಜಿ ನದಿಯ ಪ್ರಯಾಣದ ನಡುವೆಯೇ ಪ್ರಾಣಬಿಟ್ಟ. ಉಳಿದವರು ಸೆರೆಮನೆ ಸೇರಿದರು.

ಇಂಪೆಯ ಮೇಲೆ ಮೆಕಾಲೆ ಹೊರಿಸಿದ ದೂಷಣೆಗಳು ಬಹುಕಾಲ ಪಠ್ಯಪುಸ್ತಕಗಳನ್ನು ಆಳಿದವು. ಅವನ ಸಮರ್ಥನೆಗೆ ನಿಂತ ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ ೧೮೮೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪಟ್ನಾ ತೀರ್ಪನ್ನು ಕಾನೂನಿನ ದೃಷ್ಟಿಯಿಂದ ಪರಿಶೀಲಿಸಿದ. ನ್ಯಾಯಾಧೀಶರು ಅಪ್ರಾಮಾಣಿಕರಾಗಿದ್ದರೆಂದು ಹೇಳಲು ಆಧಾರವಿಲ್ಲವೆಂಬ ಮಟ್ಟಿಗೆ ಸ್ಟೀಫನ್ನನ ಪಕ್ಷವೇ ಸರಿಯೆಂದು ತೋರುತ್ತದೆ. ಖಾಜಿಯ ಸಾವಿಗೆ ಖಳನಾಯಕನೊಬ್ಬನನ್ನು ಹುಡುಕುವ ಅಗತ್ಯವಿಲ್ಲ. ನ್ಯಾಯಾಧೀಶರಿಗೂ ಖಾಜಿಯ ಮೇಲೆ ದ್ವೇಷವಿರಲಿಲ್ಲ, ಖಾಜಿಗೂ ಬೇಗಂಳ ಮೇಲೆ ಇದ್ದಂತೆ ಕಾಣುವುದಿಲ್ಲ. ಇಂಪೆಯ ವಿರುದ್ಧ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಂಡಿಸಲಾದ ಆರು ಆರೋಪಗಳಲ್ಲಿ ಪಟ್ನಾ ಪ್ರಕರಣವೂ ಒಂದಾಗಿತ್ತು. ನಂದಕುಮಾರನ ಗಲ್ಲಿಗೆ ಸಂಬಂಧಿಸಿದ ಮೊದಲ ಆರೋಪವೇ ೧೭೮೮ರಲ್ಲಿ ಬಿದ್ದುಹೋಯಿತು, ಉಳಿದವೂ ಮಹಾಭಿಯೋಗದ ಹಂತವನ್ನು ಮುಟ್ಟಲಿಲ್ಲ.

ತೀರ್ಪಿನ ಕಾನೂನು ಪರಿಣಾಮ ಮಾತ್ರ ದೀರ್ಘವಾದದ್ದು. ೧೭೮೧ರ ಶಾಸನದ ಮೂಲಕ ಪಾರ್ಲಿಮೆಂಟು ಪಟ್ನಾದ ಬಂದಿಗಳನ್ನು ಬಿಡಿಸಿತು, ಪರಿಹಾರದ ಮೊತ್ತಕ್ಕೆ ಸರ್ಕಾರವೇ ಭದ್ರತೆ ಕೊಡುವಂತೆ ಮಾಡಿತು, ಪ್ರಿವಿ ಕೌನ್ಸಿಲ್ಲಿಗೆ ಮೇಲ್ಮನವಿಯ ದಾರಿ ತೆರೆಯಿತು. ದೇಶೀಯ ನ್ಯಾಯಾಲಯಗಳಲ್ಲಿ ನ್ಯಾಯಾಧಿಕಾರ ನಡೆಸುವವರ ಮೇಲೆ ಅವರ ತೀರ್ಪು, ಆಜ್ಞೆಗಳ ಕಾರಣಕ್ಕೆ ಸುಪ್ರೀಂ ಕೋರ್ಟಿನಲ್ಲಿ ಅಪಕೃತ್ಯದ ದಾವೆ ನಡೆಯದೆಂದೂ, ಆ ಆಜ್ಞೆಯನ್ನು ಜಾರಿಗೊಳಿಸಿದವರ ಮೇಲೂ ನಡೆಯದೆಂದೂ ವಿಧಿಸಿತು. ಮೇಲ್ಮನವಿಯನ್ನು ಯಾರೂ ಮುಂದುವರಿಸದೆ ೧೭೮೯ರಲ್ಲಿ ಅದು ವಜಾ ಆಯಿತು. ೧೮೫೦ರ ನ್ಯಾಯಾಂಗ ಅಧಿಕಾರಿಗಳ ಸಂರಕ್ಷಣಾ ಅಧಿನಿಯಮವು ಈ ವಿಚಾರವನ್ನು ಇನ್ನಷ್ಟು ಬೆಳೆಸಿತು. ನ್ಯಾಯಿಕ ಕರ್ತವ್ಯ ನಿರ್ವಹಿಸುವಾಗ ತನಗೆ ಅಧಿಕಾರವ್ಯಾಪ್ತಿಯುಂಟೆಂದು ಸದ್ಭಾವನೆಯಿಂದ ನಂಬಿದವನು, ವ್ಯಾಪ್ತಿಯನ್ನು ಮೀರಿದ್ದರೂ, ಸಿವಿಲ್ ದಾವೆಗೆ ಗುರಿಯಾಗನೆಂಬುದು ಅದರ ಸಾರ. ಮಾರ್ಷಲ್‌ಸೀ ನಿಯಮದಲ್ಲಿ ಸ್ಥಾನವಿಲ್ಲದಿದ್ದ ಸದ್ಭಾವನೆ ಭಾರತದಲ್ಲಿ ಶಾಸನದ ಬಾಗಿಲಿನಿಂದ ಒಳಬಂದು ರಕ್ಷಣೆಯಾಯಿತು. ಪಟ್ನಾದ ಖಾಜಿ ಇನ್ನು ಎಪ್ಪತ್ತು ವರ್ಷ ತಡವಾಗಿ ಹುಟ್ಟಿದ್ದರೆ ದೋಣಿ ಹತ್ತಬೇಕಾಗಿರಲಿಲ್ಲ.

ಈ ರಕ್ಷಣೆಗೆ ಎಲ್ಲೆಯುಂಟು. ಅಸ್ಸಾಮಿನ ಮ್ಯಾಜಿಸ್ಟ್ರೇಟ್ ಒಬ್ಬರು ಒಬ್ಬ ವ್ಯಕ್ತಿಯ ಬಂಧನಕ್ಕೆ ಆದೇಶಿಸಿದ್ದು ನ್ಯಾಯಿಕ ಕಾರ್ಯವಾಗಿ ಅಲ್ಲ, ಆಡಳಿತಾಧಿಕಾರಿಯಾಗಿ ಎಂದು ಕಂಡುಬಂದಾಗ ೧೮೫೦ರ ಅಧಿನಿಯಮದ ಆಸರೆ ಅವರಿಗೆ ದೊರೆಯದೆಂದು ಭಾರತದ ಸರ್ವೋಚ್ಚ ನ್ಯಾಯಾಲಯ ೧೯೬೫ರ ಅನೋವರ್ ಹುಸೇನ್ ಪ್ರಕರಣದಲ್ಲಿ ತೀರ್ಪಿತ್ತಿತು. ನ್ಯಾಯಾಧೀಶನ ತಪ್ಪು ತಿಳಿವಳಿಕೆಗೆ ಕ್ಷಮೆಯಿದೆ. ನ್ಯಾಯಾಧೀಶನ ಕುರ್ಚಿಯಲ್ಲಿ ಕುಳಿತು ಪೊಲೀಸನ ಕೆಲಸ ಮಾಡಿದವನಿಗಿಲ್ಲ.

ವಿಚಿತ್ರವೆಂದರೆ ಈ ಎಲ್ಲ ಮೂಲಾಂಶಗಳನ್ನು ಒಂದೆಡೆ ಸಂಹಿತೆಯಾಗಿ ಬರೆದಿಡುವ ಕೆಲಸ ಭಾರತದಲ್ಲಿ ನಡೆಯಲೇ ಇಲ್ಲ. ೧೮೬೦ರ ದಂಡ ಸಂಹಿತೆ ಹಲ್ಲೆ, ಅಪರಾಧಿಕ ಬಲಪ್ರಯೋಗ, ಅಕ್ರಮ ಬಂಧನಗಳಿಗೆ ಖಚಿತ ವ್ಯಾಖ್ಯೆಗಳನ್ನು ಕೊಟ್ಟಿತು. ೨೦೨೪ರ ಜುಲೈ ೧ರಿಂದ ಅದರ ಸ್ಥಾನಕ್ಕೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಆ ಪರಿಕಲ್ಪನೆಗಳು ಮುಂದುವರಿದಿವೆ. ಸಿವಿಲ್ ಅಪಕೃತ್ಯಗಳಿಗಾಗಿ ಫ್ರೆಡರಿಕ್ ಪೊಲಾಕ್ ಭಾರತ ಸರ್ಕಾರದ ಕೋರಿಕೆಯಂತೆ ೧೮೮೬ರಲ್ಲಿ ಸಿದ್ಧಪಡಿಸಿದ ಮಸೂದೆ ಶಾಸನವಾಗಲಿಲ್ಲ. ಪೊಲಾಕ್ ಅದನ್ನು ತನ್ನ ಪುಸ್ತಕದ ಅನುಬಂಧವಾಗಿ ಅಚ್ಚುಹಾಕಿಸಿದ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು. ‘ನ್ಯಾಯ, ಸಮಾನತೆ ಮತ್ತು ಸದಸದ್ವಿವೇಕ’ ಎಂಬ ಸೂತ್ರದಡಿ ಇಂಗ್ಲಿಷ್ ತತ್ತ್ವಗಳನ್ನು ಪ್ರಕರಣದಿಂದ ಪ್ರಕರಣಕ್ಕೆ ಅನ್ವಯಿಸಿಕೊಳ್ಳುವ ಪದ್ಧತಿಯ ಮೇಲೆಯೇ ಭಾರತದ ಅಪಕೃತ್ಯ ಕಾನೂನು ಇಂದಿಗೂ ನಿಂತಿದೆ. ಸಂಹಿತೆ ಇಲ್ಲದಿರುವುದರಿಂದ ಸಾಮಾನ್ಯ ಕಕ್ಷಿಗಾರನಿಗೆ ತನ್ನ ಹಕ್ಕು ಯಾವುದೆಂದೇ ತಿಳಿಯದು. ಪೆಟ್ಟು ತಿಂದವನು ಠಾಣೆಯ ದಾರಿ ಹಿಡಿಯುತ್ತಾನೆಯೇ ಹೊರತು ಸಿವಿಲ್ ಕೋರ್ಟಿನ ಕಡೆ ನೋಡುವುದು ಅಪರೂಪ.

ಪ್ರಭುತ್ವವೇ ಬಂಧಿಸಿದಾಗ ಏನು ಗತಿಯೆಂಬ ಪ್ರಶ್ನೆ ಎರಡು ಶತಮಾನಗಳ ನಂತರ ಮತ್ತೆ ಬಿಹಾರದಿಂದಲೇ ಎದ್ದುಬಂದಿತು. ಮುಜಫ್ಫರಪುರದ ಸೆಷನ್ಸ್ ನ್ಯಾಯಾಲಯ ೧೯೬೮ರ ಜೂನಿನಲ್ಲಿ ಬಿಡುಗಡೆ ಮಾಡಿದ್ದ ರುದುಲ್ ಸಾಹ್ ೧೯೮೨ರ ಅಕ್ಟೋಬರಿನವರೆಗೆ ಸೆರೆಯಲ್ಲೇ ಉಳಿದಿದ್ದ. ಬುದ್ಧಿಭ್ರಮಣೆಯ ಕಾರಣದಿಂದ ಇಟ್ಟುಕೊಂಡಿದ್ದೆವೆಂಬ ಸೆರೆಮನೆಯ ವಿವರಣೆಗೆ ಆಧಾರ ದೊರೆಯಲಿಲ್ಲ. ಅಕ್ರಮ ಬಂಧನದ ಮೂಲಾಂಶಗಳೆಲ್ಲ ಇದ್ದವು, ಯಾರೊಬ್ಬರ ದ್ವೇಷವೂ ಇರಲಿಲ್ಲ. ಹದಿನಾಲ್ಕು ವರ್ಷ ಬಾಗಿಲನ್ನು ತೆರೆಯದೆ ಇದ್ದದ್ದಷ್ಟೇ. ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರ ಪೀಠವು ೧೯೮೩ರಲ್ಲಿ, ಸಿವಿಲ್ ದಾವೆಗೆ ಕಾಯದೆ ಸಂವಿಧಾನದ ೩೨ನೆಯ ವಿಧಿಯಡಿಯಲ್ಲೇ, ಮೊದಲೇ ಸಂದಿದ್ದ ೫,೦೦೦ ರೂಪಾಯಿಗಳ ಮೇಲೆ ಇನ್ನೂ ೩೦,೦೦೦ ರೂಪಾಯಿಗಳನ್ನು ಬಿಹಾರ ಸರ್ಕಾರ ಕೊಡಬೇಕೆಂದು ಆದೇಶಿಸಿತು. ಅದು ತಾತ್ಕಾಲಿಕ ಉಪಶಮನವೆಂದೂ, ಪೂರ್ಣ ಪರಿಹಾರಕ್ಕಾಗಿ ಸರ್ಕಾರದ ಮೇಲೂ ತಪ್ಪಿತಸ್ಥ ಅಧಿಕಾರಿಗಳ ಮೇಲೂ ಅಪಕೃತ್ಯದ ದಾವೆ ಹೂಡುವ ಹಕ್ಕು ಆತನಿಗೆ ಉಳಿದೇ ಇದೆಯೆಂದೂ ಆ ತೀರ್ಪಿನಲ್ಲಿ ಹೇಳಲಾಗಿದೆ.